ಎಣಿಸಿದ ತುತ್ತು

ಇಷ್ಟೆಲ್ಲ ಶುರುವಾಗಿದ್ದು ಒಂದನೇ ಕ್ಲಾಸಿನ ಟೀಚರ್ ಕೇಳಿದ ಒಂದು ಪ್ರಶ್ನೆಯಿಂದ. ನಿನ್ನೆ ಸಂಜೆ ನಿಮ್ಮ ನಿಮ್ಮ ಮನೆಯಲ್ಲಿ ಏನು ಊಟ, ಒಬ್ಬೊಬ್ಬರಾಗಿ ಹೇಳಿ ಅಂದರು. ಮಕ್ಕಳು ಅನ್ನ ಅಂದರು, ಮೀನು ಅಂದರು, ಒಬ್ಬ ಬರೀ ಐಸ್‌ಕ್ರೀಮ್ ಅಂತ ಸುಳ್ಳು ಬಿಟ್ಟ. ಬುಗುರಿಯ ಸರದಿ ಬಂದಾಗ ಅವಳು ಎದ್ದು ನಿಂತು, "ನಾನು ನಮ್ಮನೇಲಿ ಊಟ ಮಾಡಲ್ಲ, ಟೀಚರ್," ಅಂದಳು.

"ಯಾಕಮ್ಮ? ಮನೇಲಿ ಅಡುಗೆ ಮಾಡಲ್ವಾ?"

"ಮಾಡ್ತಾರೆ. ಅಜ್ಜಿ ಬೇರೆ ಮಕ್ಕಳಿಗೆ ಹಾಕ್ತಾಳೆ."

"ಮತ್ತೆ ನಿನಗೆ?"

ಬುಗುರಿ ಬಾಯಿ ಬಿಗಿಹಿಡಿದು ನಿಂತಳು. ಅದು ಹೇಳುವ ಮಾತಲ್ಲ ಅಂತ ಅವಳಿಗೆ ಗೊತ್ತಿತ್ತು. ಆರು ವರ್ಷದ ಹುಡುಗಿಗೆ ಗೊತ್ತಿದ್ದ ಈ ಮರ್ಯಾದೆ ಎಷ್ಟು ಜನ ಓದಿದವರಿಗೆ ಗೊತ್ತಿರಲಿಲ್ಲ ಅನ್ನುವುದೇ ಈ ಕಥೆ.

ಆ ಪಟ್ಟಣ ಹುಟ್ಟುವ ಮೊದಲೇ ಆ ನೆಲದ ಮೇಲೆ ಇದ್ದ ಜನ ಅವರು. ಪಟ್ಟಣ ಬೆಳೆದ ಮೇಲೆ ಅವರಿಗೆ ಉಳಿದಿದ್ದು ರೈಲು ಹಳಿಯ ಆಚೆ ಒಂಬತ್ತು ಮನೆಗಳ ಒಂದು ಗಲ್ಲಿ. ಕಾಗದದಲ್ಲಿ ಅವರನ್ನು ಮೂಲನಿವಾಸಿಗಳು ಅಂತ ಗೌರವವಾಗಿ ಬರೆಯುತ್ತಾರೆ, ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಬಿಡುತ್ತಾರೆ. ಆ ಗಲ್ಲಿಯಲ್ಲಿ ಮಕ್ಕಳು ಯಾವ ಮನೆಯಲ್ಲಿ ಬೇಕಾದರೂ ಉಣ್ಣುತ್ತಾರೆ. ಒಲೆಯ ವಾಸನೆ ಎಲ್ಲಿ ಎಳೆಯುತ್ತದೋ ಅಲ್ಲಿ. ಹಾಕಿದವರು ಹಾಕಿದೆ ಅಂತ ಹೇಳುವುದಿಲ್ಲ, ಹೆತ್ತವರು ಎಲ್ಲಿ ತಿಂದೆ ಅಂತ ಕೇಳುವುದಿಲ್ಲ. ಕೇಳಿದರೆ ನೆಂಟರನ್ನು ಅನುಮಾನಿಸಿದ ಹಾಗೆ, ಹೇಳಿದರೆ ಮಗುವಿಗೆ ಕೊಟ್ಟಿದ್ದನ್ನು ವಾಪಸ್ ಕೇಳಿದ ಹಾಗೆ. ಇದಕ್ಕೆ ಅವರು ಹೆಸರೇನೂ ಇಟ್ಟಿಲ್ಲ. ಬಾಗಿಲು ತೆರೆದಿರುತ್ತದೆ, ಅಷ್ಟೇ.

ಬುಗುರಿ ಅನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ಅವಳು ಒಂದು ಕಡೆ ನಿಂತಿದ್ದನ್ನು ಕಂಡವರಿಲ್ಲ. ಅಪ್ಪ ರಸ್ತೆ ಕೆಲಸದ ಅಪಘಾತದಲ್ಲಿ ಹೋಗಿ ಮೂರು ವರ್ಷ. ತಾಯಿ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ. ರಕ್ತದ ಕಲೆಯ ಚಾದರ ಒಂದು ಕಡೆ, ಬರೀ ಬೆವರಿನದು ಇನ್ನೊಂದು ಕಡೆ, ವಿಂಗಡಿಸಿ ವಿಂಗಡಿಸಿ ಅವಳ ಬೆರಳ ತುದಿ ಬಿಳಚಿಕೊಂಡಿತ್ತು. ಮನೆಯಲ್ಲಿ ಅಜ್ಜಿ. ಎದುರು ಮನೆಯಲ್ಲಿ ಅಜ್ಜಿಯ ತಮ್ಮ, ಬೀಗದ ತಾತ. ಪೇಟೆಯ ಮೂಲೆಯಲ್ಲಿ ಕೂತು ಊರಿಗೆಲ್ಲ ಬೀಗ ರಿಪೇರಿ ಮಾಡುತ್ತಾನೆ, ತನ್ನ ಬಾಗಿಲಿಗೆ ಮಾತ್ರ ಒಂದು ಚಿಲಕವೂ ಇಲ್ಲ. ಕೊನೆಯ ಮನೆಯಲ್ಲಿ ದೊಡ್ಡಮ್ಮ, ಬುಗುರಿಯ ತಾಯಿಯ ಅಕ್ಕ, ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವಳು. ಅವಳ ಬಾಯಿಗೆ ಡಿಪೋ ಮ್ಯಾನೇಜರೂ ಹೆದರುತ್ತಾನೆ.

ಟೀಚರ್ ಚೀಟಿ ಬರೆದರು. ಚೀಟಿ ಮಕ್ಕಳ ಕಲ್ಯಾಣ ಕಚೇರಿಗೆ ಹೋಯಿತು. ಅಲ್ಲಿಂದ ಒಂದು ಮಂಗಳವಾರ ಬೆಳಿಗ್ಗೆ ಸಮಾಜ ಕಾರ್ಯಕರ್ತೆ ಬಂದಳು. ಎದೆಗೆ ಫೈಲು ಅವುಚಿಕೊಂಡೇ ಇದ್ದಿದ್ದರಿಂದ ದೊಡ್ಡಮ್ಮ ಆಕೆಗೆ ಫೈಲಮ್ಮ ಅಂತ ಹೆಸರಿಟ್ಟಳು.

ಫೈಲಮ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನಾಲ್ಕು ಮಾತು ಬೈದು ಕೈತೊಳೆದುಕೊಳ್ಳಬಹುದಿತ್ತು. ಮೂಲನಿವಾಸಿ ಕುಟುಂಬಗಳ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಎರಡು ದಿನದ ತರಬೇತಿ ಮುಗಿಸಿ, ಸರ್ಟಿಫಿಕೇಟ್ ಪಡೆದು ಬಂದಿದ್ದಳು. ಬಾಗಿಲಲ್ಲಿ ನಿಂತು ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಇಟ್ಟು ತಲೆ ಬಾಗಿಸಿದಳು. ಪುಸ್ತಕದಲ್ಲಿ ಹಾಗೆ ಚಿತ್ರ ಇತ್ತಂತೆ.

ಅಜ್ಜಿಯ ಕೈಯಲ್ಲಿದ್ದ ಪಾತ್ರೆ ಜಾರಿತು. "ಯಾರು ಹೋದ್ರು?" ಅಂದಳು. ಆ ಗಲ್ಲಿಯಲ್ಲಿ ಕೈ ಹಾಗೆ ಇಡುವುದು ಸಾವಿನ ಮನೆಗೆ ಹೋದಾಗ ಮಾತ್ರ.

"ಯಾರೂ ಹೋಗಿಲ್ಲ ಅಜ್ಜಿ. ನಾನು ನಿಮಗೆ ಗೌರವ ತೋರಿಸ್ತಾ ಇದೀನಿ."

"ಅಬ್ಬ! ಜೀವ ಬಾಯಿಗೆ ಬಂದಿತ್ತು ನೋಡು. ಒಳಗೆ ಬಾ ತಾಯಿ, ಗಂಜಿ ಬಿಸಿ ಇದೆ."

"ಬೇಡ ಅಜ್ಜಿ. ನಾವು ಮನೆಗಳಲ್ಲಿ ಏನೂ ತಗೊಳ್ಳೋ ಹಾಗಿಲ್ಲ."

ಊಟದ ವಿಷಯ ವಿಚಾರಿಸಲು ಬಂದವಳು ಊಟ ಮುಟ್ಟುವ ಹಾಗಿಲ್ಲ. ಯಾವ ಬುದ್ಧಿವಂತ ಬರೆದ ನಿಯಮವೋ! ಆಕೆ ಮನೆಯನ್ನೆಲ್ಲ ನೋಡಿದಳು. ಹಾಸಿಗೆ ಎಣಿಸಿದಳು, ಕಿಟಕಿ ಎಣಿಸಿದಳು, ಹಿಟ್ಟಿನ ಡಬ್ಬ ತೆರೆದು ನೋಡಿದಳು. ಹೋಗುವಾಗ ಫಾರಂನ ಕೊನೆಯ ಸಾಲಿನಲ್ಲಿ, 'ಕುಟುಂಬದ ಸಂಸ್ಕೃತಿಗೆ ಗೌರವ ಕೊಡಲಾಗಿದೆಯೇ' ಅನ್ನುವಲ್ಲಿ ಹೌದು ಅಂತ ಗುರುತು ಹಾಕಿದಳು. ಆ ಸಾಲನ್ನು ತುಂಬುವವಳು ಆಕೆಯೇ. ಗೌರವ ಸಿಕ್ಕಿತೋ ಇಲ್ಲವೋ ಅಂತ ಪಡೆದವರನ್ನು ಕೇಳುವ ಸಾಲು ಆ ಫಾರಂನಲ್ಲಿ ಇರಲಿಲ್ಲ.

ಎರಡನೇ ಸಲ ಆಕೆ ಹೇಳದೆ ಕೇಳದೆ ಬಂದಳು, ಸಂಜೆ ಆರೂವರೆಗೆ, ಊಟದ ಹೊತ್ತಿಗೆ. ಅಜ್ಜಿಯ ಅಡುಗೆಮನೆಯಲ್ಲಿ ಗಲ್ಲಿಯ ನಾಲ್ಕು ಮಕ್ಕಳು ನೆಲದ ಮೇಲೆ ಕೂತು ಬೇಯಿಸಿದ ಗೆಣಸು, ಮೀನು ತಿನ್ನುತ್ತಿದ್ದವು. ಬುಗುರಿ ಇರಲಿಲ್ಲ.

"ನಿಮ್ಮ ಮೊಮ್ಮಗಳು ಎಲ್ಲಿ ಅಜ್ಜಿ?"

"ಇಲ್ಲೇ ಎಲ್ಲೋ ಇದಾಳೆ."

"ಎಲ್ಲೋ ಅಂದ್ರೆ?"

"ಗಲ್ಲೀಲಿ."

"ಊಟ ಆಯ್ತಾ ಅವಳದು?"

ಅಜ್ಜಿ ಮುಖ ಬೇರೆ ಕಡೆ ತಿರುಗಿಸಿ ಮೀನಿನ ಮುಳ್ಳು ಬಿಡಿಸತೊಡಗಿದಳು. ಎದುರು ಮನೆಯಿಂದ ಬುಗುರಿಯ ನಗು ಕೇಳುತ್ತಲೇ ಇತ್ತು. ಅವಳು ಬೀಗದ ತಾತನ ಬೆಕ್ಕಿನ ಜೊತೆ ಜಗಳ ಆಡುತ್ತ ಉಣ್ಣುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಹತ್ತು ಹೆಜ್ಜೆ ದೂರದಲ್ಲಿತ್ತು. ಫೈಲಮ್ಮ ಆ ಹತ್ತು ಹೆಜ್ಜೆ ಇಡಲಿಲ್ಲ, ಬರೆದುಕೊಂಡಳು: 'ಅನ್ಯರ ಮಕ್ಕಳಿಗೆ ಊಟ ನೀಡಲಾಗುತ್ತಿದೆ. ಈ ಮಗು ಎಲ್ಲಿದೆ ಎಂಬುದೇ ಮನೆಯವರಿಗೆ ತಿಳಿದಿಲ್ಲ.'

ಬರೆದು ಮುಗಿಸಿ ಚೀಲದಿಂದ ಹೊಸ ನೋಟುಬುಕ್ ತೆಗೆದಳು. ನಾಲ್ಕು ವಾರ, ಪ್ರತಿದಿನ, ಮಗು ಏನು ತಿಂದಿತು, ಎಷ್ಟು ತಿಂದಿತು, ಯಾರು ಕೊಟ್ಟರು, ಎಲ್ಲ ಬರೆಯಬೇಕು ಅಂದಳು. ಬುಗುರಿಯ ತಾಯಿ ಕೆಲಸದಿಂದ ಬಂದಾಗ ನೋಟುಬುಕ್ ಮೇಜಿನ ಮೇಲಿತ್ತು, ಅಜ್ಜಿ ಅದಕ್ಕೆ ಬೆನ್ನು ಹಾಕಿ ಕೂತಿದ್ದಳು.

"ಬರೆದುಬಿಡೋಣ ಅಮ್ಮ. ನಾಲ್ಕೇ ವಾರ," ಅಂದಳು ಬುಗುರಿಯ ತಾಯಿ.

"ಮಗು ಬಾಯಿಗೆ ಹಾಕಿದ್ದನ್ನ ಬರೆದಿಡ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

"ನಾಚಿಕೆ ನೋಡ್ತಾ ಕೂತ್ರೆ ಮಗು ಹೋಗತ್ತೆ. ಲಾಂಡ್ರೀಲಿ ನನ್ನ ಪಕ್ಕದಲ್ಲಿ ಕೆಲಸ ಮಾಡೋಳ ಮಗನ್ನ ಕರ್ಕೊಂಡು ಹೋಗಿ ಎರಡು ವರ್ಷ ಆಯ್ತು. ಅವಳಿಗೂ ಇಂಥದ್ದೇ ನೋಟುಬುಕ್ ಕೊಟ್ಟಿದ್ರು, ಬರೀಲಿಲ್ಲ."

"ನಿನ್ನನ್ನ ಸಾಕಿದ್ದು ಯಾವ ನೋಟುಬುಕ್ ನೋಡಿ?"

"ಆಗ ಕೇಳೋರು ಇರಲಿಲ್ಲ. ಈಗ ಇದಾರೆ. ಕೇಳಿದಾರೆ. ಹೇಳ್ಬೇಕು."

"ಹೇಳು. ನಿನ್ನ ಕೈಯಾರೆ ನೀನೇ ಬರೆದು ಹೇಳು. ನನ್ನ ಹತ್ರ ಬರಬೇಡ." ಅಜ್ಜಿ ತಟ್ಟೆಯನ್ನು ಸದ್ದಾಗುವ ಹಾಗೆ ಇಟ್ಟು ಎದ್ದುಹೋದಳು. ಅಲ್ಲಿಂದ ಮುಂದೆ, ಜಗಳ ಒಂದು ಬಿಟ್ಟರೆ, ತಾಯಿ ಮಗಳ ನಡುವೆ ಮಾತು ನಡೆದಿದ್ದು ಬುಗುರಿಯ ಮೂಲಕ. ಉಪ್ಪು ಎಲ್ಲಿದೆ ಕೇಳು ಅಂತ ಇವಳು, ಕಣ್ಣಿದ್ದರೆ ಹುಡುಕಿಕೊಳ್ಳಲಿ ಅಂತ ಹೇಳು ಅಂತ ಅವಳು.

ಬುಗುರಿಯ ತಾಯಿ ಬರೆದಳು. ರಾತ್ರಿ ಕೆಲಸದಿಂದ ಬಂದು, ಕೂದಲಿಗೆ ಲಾಂಡ್ರಿಯ ಟೋಪಿ ಹಾಕಿಕೊಂಡೇ, ಹಲ್ಲು ಕಚ್ಚಿ ಬರೆದಳು. ಬೆಳಿಗ್ಗೆ: ಹಾಲು, ರೊಟ್ಟಿ ಒಂದು. ಮಧ್ಯಾಹ್ನ: ಶಾಲೆಯಲ್ಲಿ. ಸಂಜೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಸಂಜೆ ಅವಳು ಮನೆಯಲ್ಲಿ ಇರುವುದಿಲ್ಲ, ಕಣ್ಣಾರೆ ನೋಡಿಲ್ಲ.

"ಬುಗುರಿ, ಇವತ್ತು ಸಂಜೆ ಎಲ್ಲಿ ತಿಂದೆ?"

ಬುಗುರಿ ತಾಯಿಯ ಮುಖವನ್ನೇ ನೋಡಿದಳು. "ಅದನ್ನ ಕೇಳಬಾರದು ಅಲ್ವಾ ಅಮ್ಮ?"

ತಾಯಿಯ ಕಿವಿ ಬಿಸಿಯಾಯಿತು. ಮತ್ತೆ ಕೇಳಲಿಲ್ಲ. ಅಕ್ಕನ ಬಾಗಿಲಿಗೆ ಹೋಗಿ ನನ್ನ ಮಗಳಿಗೆ ಊಟ ಹಾಕಿದೆಯಾ ಅಂತ ಕೇಳುವುದಂತೂ ಆಗದ ಮಾತು. ಅದಕ್ಕಿಂತ ಅವಳ ಕೆನ್ನೆಗೆ ಹೊಡೆಯುವುದು ವಾಸಿ. ಸುಮ್ಮನೆ ಅನ್ನ, ಮೊಟ್ಟೆ ಅಂತ ಏನಾದರೊಂದು ಗೀಚಿಬಿಡಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಗೀಚುತ್ತಿದ್ದರು. ಇವಳು, ನೋಡದ್ದನ್ನು ಬರೆದರೆ ಸುಳ್ಳಾಗುತ್ತದೆ, ಸರ್ಕಾರದ ಪುಸ್ತಕ ಬೇರೆ ಅಂತ, ಸಂಜೆಯ ಸಾಲನ್ನು ಖಾಲಿ ಬಿಟ್ಟಳು. ವಾರಕ್ಕೊಂದು ರಜೆಯ ದಿನ ಮಾತ್ರ ಆ ಸಾಲು ತುಂಬಿತು. ಹೀಗೆ ನಾಲ್ಕು ವಾರ ಪ್ರಾಮಾಣಿಕವಾಗಿ, ಚೆಂದದ ಅಕ್ಷರದಲ್ಲಿ, ತನ್ನ ಮೇಲೆ ತಾನೇ ದೂರು ಬರೆದು ಕೊಟ್ಟಳು.

ಪತ್ರ ಬಂದಿದ್ದು ಒಂದು ಶುಕ್ರವಾರ. ದೊಡ್ಡಮ್ಮ ಓದಿದಳು, ನಿಂತುಕೊಂಡೇ. ಇಪ್ಪತ್ತೆಂಟು ಸಂಜೆಗಳಲ್ಲಿ ಇಪ್ಪತ್ತನಾಲ್ಕು ಸಂಜೆ ಮಗುವಿಗೆ ಆಹಾರ ನೀಡಿದ ದಾಖಲೆ ಇಲ್ಲ. ತಾಯಿಯ ಸ್ವಂತ ಬರವಣಿಗೆಯೇ ಇದಕ್ಕೆ ಆಧಾರ. ಮಗುವನ್ನು ಮೂರು ತಿಂಗಳ ಮಟ್ಟಿಗೆ ಕಚೇರಿಯ ಆಶ್ರಯಮನೆಗೆ ಸೇರಿಸಲು ಶಿಫಾರಸು ಮಾಡಲಾಗಿದೆ. ಕುಟುಂಬದವರು ಹೇಳುವುದೇನಾದರೂ ಇದ್ದರೆ ಮುಂದಿನ ಗುರುವಾರ ಹತ್ತು ಗಂಟೆಗೆ ಹಾಜರಾಗಬೇಕು.

"ಇಪ್ಪತ್ತನಾಲ್ಕು ಸಂಜೆ!" ದೊಡ್ಡಮ್ಮ ಪತ್ರವನ್ನು ಮುದ್ದೆ ಮಾಡಿ ಎಸೆದಳು, ಮತ್ತೆ ತಾನೇ ಎತ್ತಿಕೊಂಡು ತೊಡೆಯ ಮೇಲಿಟ್ಟು ನೀಟು ಮಾಡಿದಳು. "ಈ ಗಲ್ಲೀಲಿ ನಾಯಿಮರಿ ಕೂಡ ಒಂದು ಸಂಜೆ ಉಪವಾಸ ಮಲಗಿಲ್ಲ. ಏನೇ ಬರೆದೆ ನೀನು?"

"ನೋಡಿದ್ದನ್ನ ಬರೆದೆ," ಅಂದಳು ಬುಗುರಿಯ ತಾಯಿ.

"ನಾನು ಬೇಡ ಅಂದಿದ್ದೆ," ಅಂದಳು ಅಜ್ಜಿ.

"ಹೌದಮ್ಮ, ನೀನು ಬೇಡ ಅಂದೆ! ಬೇಡ ಅಂದು ಬೆನ್ನು ತಿರುಗಿಸಿ ಕೂತೆ! ಬರೀದೆ ಇದ್ರೂ ಕರ್ಕೊಂಡು ಹೋಗೋರೆ, ಬರೆದ್ರೂ ಕರ್ಕೊಂಡು ಹೋಗೋರೆ. ನಾನು ಏನು ಮಾಡ್ಬೇಕಿತ್ತು, ಅದನ್ನ ಹೇಳು!"

ಒಲೆಯ ಮೇಲೆ ಗಂಜಿ ತಳ ಹಿಡಿಯಿತು; ಆ ಮನೆಯಲ್ಲಿ ಅಂಥದ್ದು ನಡೆದಿದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಅಜ್ಜಿ ಎದ್ದು ಮುಖ ತೊಳೆದು, ಒಳ್ಳೆಯ ಬಟ್ಟೆ ಉಟ್ಟು, ಎದುರು ಮನೆಗೆ ಹೋದಳು. ತಮ್ಮ ಒಂದು ಹಳೇ ಬೀಗ ಬಿಚ್ಚಿ ಎಣ್ಣೆ ಬಿಡುತ್ತಿದ್ದ.

"ಗುರುವಾರ ನೀನು ಬರ್ಬೇಕು. ಬಂದು ಹೇಳ್ಬೇಕು."

"ಏನು ಹೇಳ್ಬೇಕು ಅಕ್ಕ?"

"ಏನೇನು ಹಾಕಿದೆ ಅಂತ. ಎಷ್ಟು ಅಂತ."

ಬೀಗದ ತಾತ ಕೈಯಲ್ಲಿದ್ದ ಸ್ಪ್ರಿಂಗ್ ಕೆಳಗಿಟ್ಟ. "ನನ್ನ ಬಾಯಿಂದ ಅದು ಬರಲ್ಲ."

"ಬರ್ಬೇಕು ಕಣೋ. ನನಗೆ ಕೇಳೋಕೆ ನಾಲಿಗೆ ಹೊರಳ್ತಾ ಇದ್ಯಾ ಅಂದ್ಕೊಂಡ್ಯಾ? ಕೇಳ್ತಾ ಇಲ್ವಾ?"

ತಾತ ಸ್ಪ್ರಿಂಗನ್ನು ಮತ್ತೆ ಎತ್ತಿ ಬಟ್ಟೆಯಲ್ಲಿ ಒರೆಸಿದ. ಕೊನೆಗೆ, "ಮಗು ಎದುರಿಗೆ ಹೇಳ್ಬೇಕಾ?" ಅಂದ.

"ಮಗೂನೂ ಕರ್ಕೊಂಡು ಬನ್ನಿ ಅಂತ ಬರೆದಿದಾರೆ. ಮಗುವಿನ ಅಭಿಪ್ರಾಯಕ್ಕೆ ಅವರಲ್ಲಿ ಬಹಳ ಬೆಲೆ ಅಂತೆ."

ಗುರುವಾರ ದೊಡ್ಡಮ್ಮ ಡಿಪೋಗೆ ರಜಾ ಹಾಕಿದಳು, ಬುಗುರಿಯ ತಾಯಿ ಅರ್ಧ ದಿನದ ಸಂಬಳ ಬಿಟ್ಟಳು. ಕಚೇರಿಯ ಕೋಣೆಯಲ್ಲಿ ಉದ್ದನೆಯ ಮೇಜು, ಮೂವರು ಅಧಿಕಾರಿಗಳು, ಮೂರು ನೀರಿನ ಬಾಟಲಿ. ಮೇಜಿನ ಈ ಕಡೆ ಕೂತವರಿಗೆ ನೀರಿರಲಿಲ್ಲ. ಗೋಡೆಯ ಮೇಲೆ ಆ ಎರಡು ದಿನದ ತರಬೇತಿಯ ದೊಡ್ಡ ಫೋಟೋ, ಎಲ್ಲರೂ ಎದೆಯ ಮೇಲೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಅಜ್ಜಿ ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

ಮೊದಲು ದೊಡ್ಡಮ್ಮ ಹೇಳಿದಳು. ಸಿಟ್ಟು ಬೆನ್ನಿಗಿದ್ದರೆ ಯಾವ ಮಾತಾದರೂ ಹೊರಗೆ ಬರುತ್ತದೆ. "ಸೋಮವಾರ ರೊಟ್ಟಿ ಎರಡು, ಬೇಳೆ. ಬುಧವಾರ ಕೋಳಿ, ಕಾಲಿನ ತುಂಡೇ ಬೇಕು ಅಂದಳು, ಕೊಟ್ಟೆ. ಬರ್ಕೊಳ್ಳಿ. ನೀಟಾಗಿ ಬರ್ಕೊಳ್ಳಿ." ಫೈಲಮ್ಮ ತಲೆ ಬಗ್ಗಿಸಿ ಬರೆದುಕೊಂಡಳು.

ಆಮೇಲೆ ಬೀಗದ ತಾತ ಎದ್ದು ನಿಂತ. ಐವತ್ತು ವರ್ಷ ಊರವರ ಬೀಗ ತೆಗೆದವನು, ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಆಡಿದವನಲ್ಲ. ಜೇಬಿನಿಂದ ಒಂದು ಸಣ್ಣ ಬೀಗ ತೆಗೆದು ಬೆರಳಲ್ಲಿ ತಿರುಗಿಸುತ್ತ ನಿಂತ. ಮುಖ ಕಿವಿಯವರೆಗೂ ಕೆಂಪಾಗಿತ್ತು.

"ಮಂಗಳವಾರ... ಗಂಜಿ."

"ಎಷ್ಟು?" ನಡುವೆ ಕೂತಿದ್ದ ಹಿರಿಯ ಅಧಿಕಾರಿ ಕೇಳಿದ.

"ಎರಡು ಬಟ್ಟಲು. ಮೊಟ್ಟೆ ಒಂದು."

"ಪೂರ್ತಿ ಮೊಟ್ಟೆನಾ?"

ತಾತ ಬುಗುರಿಯ ಕಡೆ ನೋಡಿದ, ಬುಗುರಿ ತಾತನ ಕಡೆ ನೋಡಿದಳು. "ಬಿಳಿ ಮಾತ್ರ," ಅಂದ ತಾತ. "ಹಳದಿ ಅವಳಿಗೆ ಸೇರಲ್ಲ. ಬೆಕ್ಕಿಗೆ ಹಾಕ್ತಾಳೆ."

"ಬಿಳಿ ಭಾಗ ಮಾತ್ರ," ಅಂತ ಅಧಿಕಾರಿ ಹೇಳಿ ಬರೆಸಿದ. ಆ ಕೋಣೆಯಲ್ಲಿ ಬೀಗದ ತಾತನ ಕಣ್ಣಿಂದ ನೀರು ಬಂದಿದ್ದನ್ನು ಯಾರೂ ಬರೆಸಲಿಲ್ಲ. ಅವನು ತೋಳಿನಿಂದ ಮುಖ ಒರೆಸಿಕೊಂಡು ಗುರುವಾರ ಅಂದ, ಶನಿವಾರ ಅಂದ, ನಾಲ್ಕು ವಾರದ ತುತ್ತುಗಳನ್ನು ಒಂದೊಂದಾಗಿ ಹೆಕ್ಕಿ ಮೇಜಿನ ಮೇಲೆ ಇಟ್ಟ.

ಎಲ್ಲ ಮುಗಿದ ಮೇಲೆ ಹಿರಿಯ ಅಧಿಕಾರಿ ಕನ್ನಡಕ ತೆಗೆದು ನಕ್ಕ. "ಬಹಳ ಒಳ್ಳೆ ಮಾಹಿತಿ. ಇದನ್ನ ಮೊದಲೇ ಹೇಳಿಬಿಟ್ಟಿದ್ರೆ ಇಷ್ಟೆಲ್ಲ ಆಗ್ತಾನೇ ಇರಲಿಲ್ಲ, ಅಲ್ವಾ ಅಜ್ಜಿ?"

ಅಜ್ಜಿ ಕೂತಲ್ಲಿಂದಲೇ ಕೇಳಿದಳು. "ನಿಮ್ಮ ತಾಯಿ ಇದಾರಾ ಸ್ವಾಮಿ?"

"ಇದಾರೆ. ಯಾಕೆ?"

"ನಿಮಗೆ ಆರು ವರ್ಷ ಇದ್ದಾಗ ಆಕೆ ದಿನಕ್ಕೆ ಎಷ್ಟು ತುತ್ತು ಹಾಕಿದ್ರು? ಮನೆಗೆ ಹೋಗಿ ಕೇಳಿ. ಎದುರಿಗೆ ನಿಂತು, ಪೆನ್ನು ಹಿಡ್ಕೊಂಡು ಕೇಳಿ. ಆಕೆ ಮುಖ ಹೇಗಾಗತ್ತೆ ನೋಡ್ಕೊಳ್ಳಿ. ಆಮೇಲೆ ಬಂದು ನಂಗೆ ಹೇಳಿ, ಮೊದಲೇ ಯಾಕೆ ಹೇಳಲಿಲ್ಲ ಅಂತ."

ಅಧಿಕಾರಿ ಕನ್ನಡಕ ಮತ್ತೆ ಹಾಕಿಕೊಂಡ. ಫೈಲಮ್ಮ ಹೊರಗೆ ಬಾಗಿಲವರೆಗೆ ಬಂದು, "ನನ್ನ ಕೈಯಲ್ಲಿ ಇನ್ನೂ ನಲವತ್ತಮೂರು ಮನೆ ಇದೆ ಅಜ್ಜಿ. ನನಗೆ ಯಾರೂ ಇದನ್ನ ಹೇಳಿಕೊಟ್ಟಿರಲಿಲ್ಲ," ಅಂದಳು. ಕಣ್ಣು ಒದ್ದೆಯಾಗಿತ್ತು.

"ನಾನು ಮೊದಲ ದಿನವೇ ಗಂಜಿ ಕೊಟ್ಟೆ ತಾಯಿ," ಅಂದಳು ಅಜ್ಜಿ. "ಕೂತು ಕುಡಿದಿದ್ರೆ ಗೊತ್ತಾಗ್ತಿತ್ತು. ಅಷ್ಟೊತ್ತಿಗೆ ಮೂರು ಮನೆ ಮಕ್ಕಳು ಒಳಗೆ ಬಂದಿರೋವು."

ವಾರದೊಳಗೆ ಇನ್ನೊಂದು ಪತ್ರ ಬಂತು. ಮಗು ಮನೆಯಲ್ಲೇ ಇರಬಹುದು, ಕಡತ ಮುಚ್ಚಲಾಗಿದೆ. ಕೊನೆಯಲ್ಲಿ ಒಂದು ಸಾಲು: ವಿಚಾರಣೆಯ ಎಲ್ಲ ಹಂತಗಳಲ್ಲೂ ಕುಟುಂಬದ ಸಂಸ್ಕೃತಿಗೆ ಗೌರವ ಕೊಡಲಾಗಿದೆ. ಬುಗುರಿಯ ತಾಯಿ ಪತ್ರ ಓದಿ ಜೋರಾಗಿ ಅತ್ತಳು, ಅಜ್ಜಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಹೊಸ ಉಪ್ಪಿನ ಡಬ್ಬ ತಂದಿದ್ದೀನಿ ಅಂತ ಅವಳು ನೇರವಾಗಿ ಅಜ್ಜಿಗೆ ಹೇಳಿದ್ದು ಆವತ್ತೇ.

ಆ ಶನಿವಾರ ಸಂಜೆ ಬೀಗದ ತಾತ ಗಂಜಿ ಇಳಿಸಿ, ಮೊಟ್ಟೆ ಬೇಯಿಸಿ, ಬಾಗಿಲ ಕಡೆ ನೋಡಿದ. ಬುಗುರಿ ಬಂದಿದ್ದಳು. ಆದರೆ ಎಂದಿನ ಹಾಗೆ ನುಗ್ಗಿ ಬಂದು ಬೆಕ್ಕಿನ ಬಾಲ ಎಳೆಯಲಿಲ್ಲ. ಹೊಸ್ತಿಲ ಆಚೆ ನಿಂತಿದ್ದಳು, ಕೈ ಬೆನ್ನ ಹಿಂದೆ.

"ಬಾರೆ ಒಳಗೆ. ಏನು, ಹೊಸ ನೆಂಟರ ಹಾಗೆ ನಿಂತ್ಕೊಂಡೆ?"

"ನಿನ್ನೆ ದೊಡ್ಡಮ್ಮನ ಮನೇಲಿ ಎರಡು ರೊಟ್ಟಿ ತಿಂದೆ," ಅಂದಳು ಬುಗುರಿ. "ಮೊನ್ನೆ ಇಲ್ಲಿ ತಿಂದಿದ್ದೆ."

"ಅದನ್ನೆಲ್ಲ ಯಾರು ಕೇಳಿದ್ರು ನಿನ್ನ? ಬಾ."

ಅವಳು ಒಳಗೆ ಬಂದು ಕೂತಳು. ತಾತ ಬಟ್ಟಲು ತುಂಬಲು ಸೌಟು ಎತ್ತಿದ. ಬುಗುರಿ ಬಟ್ಟಲಿನ ಮೇಲೆ ಕೈ ಅಡ್ಡ ಇಟ್ಟಳು.

"ಅರ್ಧ ಸಾಕು ತಾತ. ಜಾಸ್ತಿ ತಿಂದ್ರೆ ನಿನಗೆ ಹೇಳೋದು ಕಷ್ಟ ಆಗತ್ತೆ."

ತಾತನ ಕೈಯಲ್ಲಿ ಸೌಟು ಹಾಗೇ ನಿಂತಿತು. ಆಮೇಲೆ ಅರ್ಧ ಬಟ್ಟಲು ಹಾಕಿದ. ಬುಗುರಿ ಅರ್ಧ ಬಟ್ಟಲು ಗಂಜಿ ಕುಡಿದಳು. ಮೊಟ್ಟೆಯ ಬಿಳಿ ತಿಂದಳು, ಆಮೇಲೆ ಹಳದಿಯನ್ನು ಬಾಯಿಗೆ ಹಾಕಿಕೊಂಡು, ಮೂಗು ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಕಷ್ಟಪಟ್ಟು ನುಂಗಿದಳು. ನುಂಗಿ ಎರಡೂ ಕೈ ಬಿಡಿಸಿ ತೋರಿಸಿದಳು.

"ಪೂರ್ತಿ," ಅಂದಳು.

ಬೆಕ್ಕು ತನ್ನ ಪಾಲಿಗಾಗಿ ಪಕ್ಕದಲ್ಲಿ ಕಾದು ಕೂತೇ ಇತ್ತು.